ಮದುವೆ ಮನೆಯವರಿಗೆ ಸಿಗುವ ಮರ್ಯಾದೆ: ಒಬ್ಬ ಡಾಕ್ಯುಮೆಂಟರಿ ಫೋಟೋಗ್ರಾಫರ್‌ನ ಪ್ರಕರಣ ಅಧ್ಯಯನ

ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ, ಅಂದರೆ ಹಿಜ್ರಾಗಳು, ಟ್ರಾನ್ಸ್ ಜನ, ಸಲಿಂಗಿಗಳ ಫೋಟೋ ತೆಗೆಯಲು ಹೋದ ಒಬ್ಬರ ಕಥೆ ಇದು. ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಥೆಗೆ ಸೇರಿದವರ ಹೆಸರು ಒಂದೂ ಇಲ್ಲ. ಬಡಾವಣೆ, ಕೆಲಸ, ವಯಸ್ಸು ಎಲ್ಲವನ್ನೂ ಬೇಕಂತಲೇ ಅದಲುಬದಲು ಮಾಡಿದ್ದೇನೆ. ಕೆಲವು ಕಡೆ ಇಬ್ಬರ ಅನುಭವವನ್ನು ಒಬ್ಬರದ್ದು ಅನ್ನುವ ಹಾಗೆ ಬರೆದಿದ್ದೇನೆ. ಹೊರಗೆ ಹಾಕುವ ಮುಂಚೆ ಫೋಟೋಗ್ರಾಫರ್‌ಗೂ, ಅವರ ಜೊತೆಗಿದ್ದ ಸಂಘಟನೆಯವರಿಗೂ ಓದಿ ಹೇಳಿ, ಅವರು ಬೇಡ ಅಂದ ಸಾಲುಗಳನ್ನು ಕಿತ್ತುಹಾಕಿದ್ದೇನೆ. ನಾನು ಇದರಲ್ಲಿ ಎಲ್ಲಿ ಬರುತ್ತೇನೆ ಅಂದ್ರೆ, ಬೆಂಗಳೂರಿನಲ್ಲಿ ನಾವು ಕೆಲವರು ಆಗಾಗ ಸೇರಿ ಒಬ್ಬರ ಫೋಟೋ ಇನ್ನೊಬ್ಬರು ನೋಡಿ, ಜಗಳವಾಡಿ, ಕಾಫಿ ಕುಡಿದು ಹೋಗುವ ಒಂದು ಸಣ್ಣ ಗುಂಪಿದೆ. ಫೋಟೋಗ್ರಾಫರ್ ಈ ಕೆಲಸವನ್ನು ಶುರುವಿನಿಂದಲೂ ಅಲ್ಲಿಗೆ ತರುತ್ತಿದ್ದರು. ಹಾಗಾಗಿ ಮೊದಲ ಫೋಟೋದಿಂದ ಕೊನೆಯ ಜಗಳದವರೆಗೆ ನಾನು ನೋಡಿದ್ದೇನೆ.

ಕ್ಯಾಮೆರಾ ಹಿಡಿದು ಬೇರೆಯವರ ಬದುಕಿನ ಒಳಗೆ ಹೋಗುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು. ಪತ್ರಕರ್ತರಿಗೆ, ಎನ್‌ಜಿಒಗಳ ವರದಿ ಮಾಡುವವರಿಗೆ ಸ್ವಲ್ಪ ಜಾಸ್ತಿಯೇ.

ಹಿನ್ನೆಲೆ

ಫೋಟೋಗ್ರಾಫರ್‌ಗೆ ಆಗ ಮೂವತ್ತು ದಾಟಿತ್ತು. ಮದುವೆಯಾಗಿ ಒಂದು ಮಗು. ಹೊಟ್ಟೆಪಾಡಿಗೆ ಮದುವೆ ಫೋಟೋ: ಮುಹೂರ್ತ, ರಿಸೆಪ್ಷನ್, ಸೀಮಂತ, ಗೃಹಪ್ರವೇಶ. ಕೈ ಚೆನ್ನಾಗಿತ್ತು, ಛತ್ರದ ಟ್ಯೂಬ್‌ಲೈಟ್ ಬೆಳಕಿನಲ್ಲೂ ಹುಡುಗಿಯ ಮುಖಕ್ಕೆ ಕಳೆ ತರುತ್ತಿದ್ದರು. ಆಷಾಢ ಬಂದು ಮದುವೆ ನಿಂತ ಮೇಲೆ ತಮ್ಮ ಮನಸ್ಸಿನ ಕೆಲಸ, ಅಂದರೆ ಕಪ್ಪುಬಿಳುಪಿನ ಡಾಕ್ಯುಮೆಂಟರಿ. ಎರಡನ್ನೂ ಬೆರೆಸುತ್ತಿರಲಿಲ್ಲ. ಮದುವೆ ಫೋಟೋಗಳನ್ನು ನಮ್ಮ ಗುಂಪಿಗೆ ಒಂದು ಸಲವೂ ತಂದವರಲ್ಲ. ಕೇಳಿದರೆ 'ಅಯ್ಯೋ ಬಿಡಿ, ಅದು ಅನ್ನದ ಕೆಲಸ' ಅನ್ನುತ್ತಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ವಯಸ್ಕರು ಒಪ್ಪಿಕೊಂಡು ನಡೆಸುವ ಸಲಿಂಗ ಸಂಬಂಧ ಇನ್ನು ಅಪರಾಧವಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್ ಇದೇ ಮಾತು ಹೇಳಿತ್ತು, 2013ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ತಳ್ಳಿಹಾಕಿತ್ತು, ಈಗ ಮತ್ತೆ ತಿರುಗಿತ್ತು. ಮಾರನೇ ದಿನದ ಪೇಪರ್‌ಗಳ ತುಂಬ ಕಾಮನಬಿಲ್ಲಿನ ಬಾವುಟ, ತಬ್ಬಿಕೊಂಡು ಅಳುವವರ ಫೋಟೋ. ಫೋಟೋಗ್ರಾಫರ್‌ಗೆ ಆಸೆ ಹುಟ್ಟಿದ್ದು ಆಗ. ಆ ವರ್ಷದ ನಮ್ಮ ಪ್ರೈಡ್ ನಡಿಗೆಗೆ, ಅಂದರೆ ಲೈಂಗಿಕ ಅಲ್ಪಸಂಖ್ಯಾತರ ಮೆರವಣಿಗೆಗೆ, ಹೋಗಿ ರಾಶಿ ಫೋಟೋ ತಂದರು. ಬೆಂಗಳೂರಿನಲ್ಲಿ ಈ ನಡಿಗೆ 2008ರಿಂದ ನಡೆಯುತ್ತಿದೆ, ಶುರುವಿನ ವರ್ಷಗಳಲ್ಲಿ ಮುಖವಾಡ ಹಾಕಿಕೊಂಡು ನಡೆದವರೂ ಇದ್ದರು. ಈಗ ಮುಖಗಳೇ ಮುಖಗಳು. ಫೋಟೋಗಳು ಚೆನ್ನಾಗಿದ್ದವು. ಆದರೆ ಎಲ್ಲವನ್ನೂ ಎಲ್ಲೋ ನೋಡಿದ ಹಾಗಿತ್ತು. ಗುಂಪಿನಲ್ಲಿ ಒಬ್ಬರು ಹಾಗೆ ಅಂದೂಬಿಟ್ಟರು. 'ಹಾಗಾದ್ರೆ ಒಳಗೆ ಹೋಗಬೇಕು' ಅಂತ ಹಟ ಹಿಡಿದರು ಫೋಟೋಗ್ರಾಫರ್.

ಅವರಿಗೆ ಆಗ ಗೊತ್ತಿದ್ದ ಸಮುದಾಯ ಎರಡೇ ತರದ್ದು. ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟುವವರು, ಪ್ರೈಡ್‌ನಲ್ಲಿ ಇಂಗ್ಲಿಷ್ ಬೋರ್ಡ್ ಹಿಡಿಯುವವರು. ನಡುವೆ ಯಾರಾದರೂ ಇರಬಹುದು ಅಂತ ಅನ್ನಿಸಿರಲೂ ಇಲ್ಲ. ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಯೊಂದರಲ್ಲಿ ಕೆಲಸ ಮಾಡುವ ಟ್ರಾನ್ಸ್ ಮಹಿಳೆಯೊಬ್ಬರು (ಹುಟ್ಟಿದಾಗ ಹುಡುಗ ಅಂತ ಬರೆಸಿದ್ದರೂ ಹೆಣ್ಣಾಗಿ ಬದುಕುವವರು), ಎಲ್ಲರೂ ಅಕ್ಕ ಅಂತ ಕರೆಯುವವರು, ಫೋಟೋಗ್ರಾಫರನ್ನು ಒಂದು ಹಮಾಮಿಗೆ ಕರೆದುಕೊಂಡು ಹೋದರು. ಬೆಂಗಳೂರಿನ ಹಮಾಮ್ ಅಂದರೆ ಬಿಸಿನೀರಿನ ಸ್ನಾನದ ಮನೆ, ಜೊತೆಗೆ ಹಿಜ್ರಾ ಕುಟುಂಬ ವಾಸ ಮಾಡುವ ಮನೆಯೂ ಹೌದು. ಅಲ್ಲಿಯ ಗುರುವನ್ನು ಎಲ್ಲರೂ ಅಮ್ಮ ಅನ್ನುತ್ತಿದ್ದರು.

ಅಮ್ಮ ಕೇಳಿದ ಪ್ರಶ್ನೆ

ಹಮಾಮಿಗೆ ಓಡಾಡಿ ಫೋಟೋಗ್ರಾಫರ್ ಒಂದು ಸರಣಿ ಮಾಡಿದರು. ಕನ್ನಡಿ ಮುಂದೆ ಲಿಪ್‌ಸ್ಟಿಕ್ ಹಚ್ಚುವುದು, ಗಡ್ಡ ಕೀಳುವ ಚಿಮಟ, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕೂತವರು, ಬೀಡಿ ಹೊಗೆ. ಎಲ್ಲ ಕಪ್ಪುಬಿಳುಪು, ಧೂಳು ಧೂಳಾದ ಗ್ರೇನ್. ಪ್ರಿಂಟ್ ಹಾಕಿಸಿ ಅಮ್ಮನ ಮಂಚದ ಮೇಲೆ ಹರಡಿದರು. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟರು. ಆಮೇಲೆ ಫೋಟೋಗ್ರಾಫರ್‌ನ ಫೋನ್ ಇಸಿದುಕೊಂಡು ಅವರ ಇನ್‌ಸ್ಟಾಗ್ರಾಂ ತೆಗೆಸಿದರು. ಅಲ್ಲಿ ಬರೀ ಮದುವೆ ಫೋಟೋ.

'ಇದನ್ನೂ ನೀನೇ ತೆಗ್ದಿದ್ದಾ?'

'ಹೂಂ ಅಮ್ಮ.'

'ಮತ್ತೆ ನಮ್ಮನ್ಯಾಕಪ್ಪಾ ಸೂತಕದ ಮನೆಯವರ ಹಾಗೆ ತೆಗ್ದಿದ್ದೀಯ?'

'ಇದು ನಿಜವಾದ ಜೀವನ ಅಮ್ಮ, ಅಲಂಕಾರ ಇಲ್ಲದೆ...'

'ಮದುವೆ ಹುಡುಗಿ ಬೆಳಗ್ಗೆ ಎದ್ದು ಹಲ್ಲುಜ್ಜೋದೂ ನಿಜ ಜೀವನಾನೇ. ಅದನ್ನ ಆಲ್ಬಮ್‌ಗೆ ಹಾಕ್ತೀಯಾ?'

ಫೋಟೋಗ್ರಾಫರ್ ನಕ್ಕು ಸುಮ್ಮನಾದರು. ಈ ಮಾತುಕತೆಯನ್ನು ನಮ್ಮ ಗುಂಪಿಗೆ ಒಂದು ತಮಾಷೆ ಎನ್ನುವ ಹಾಗೆ ತಂದು ಹೇಳಿದರು. ಅಲ್ಲಿ ಎರಡು ಪಾಲಾಯಿತು. ಫೋಟೋದಲ್ಲಿ ಇರುವವರು ಹೇಳಿದ ಹಾಗೆ ತೆಗೆದರೆ ಅದು ಡಾಕ್ಯುಮೆಂಟರಿ ಹೇಗಾಗುತ್ತದೆ ಅಂತ ಒಂದು ಪಾಲು. ಇನ್ನೊಂದು ಪಾಲಿನವರಿಗೆ ಅಮ್ಮನ ಪ್ರಶ್ನೆಗೆ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಕೆಲಸ ಮಾತ್ರ ಮೊದಲಿನ ಹಾಗೆಯೇ ಮುಂದುವರಿಯಿತು.

ಹಮಾಮಿನ ಹಿರಿಯರು ಕೆಲವರು ಕ್ಯಾಮೆರಾ ಕಂಡ ಕೂಡಲೇ ಸೆರಗು ಎಳೆದುಕೊಳ್ಳುತ್ತಿದ್ದರು. ಫೋಟೋಗ್ರಾಫರ್ ಅದನ್ನು ನಾಚಿಕೆ ಅಂದುಕೊಂಡಿದ್ದರು. ಅಕ್ಕ ಬಿಡಿಸಿ ಹೇಳಿದರು. ಪಟ್ಟಿ ಮಾಡುವುದು, ಗುರುತು ಹಚ್ಚುವುದು ಅಂದರೆ ಈ ಸಮುದಾಯಕ್ಕೆ ಪೊಲೀಸ್ ಸ್ಟೇಷನ್ನಿನ ನೆನಪು. 1871ರ ಬ್ರಿಟಿಷರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲೇ ಇವರನ್ನು ರಿಜಿಸ್ಟರ್ ಮಾಡಿ ಇಟ್ಟುಕೊಳ್ಳುವ ಭಾಗ ಇತ್ತು. ಅದೆಲ್ಲ ಹಳೇದು ಅಂತ ಅಂದುಕೊಳ್ಳಬೇಡಿ, 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೇ 36ಎ ಅಂತ ಒಂದು ಸೆಕ್ಷನ್ ಸೇರಿಸಿ, ಅನುಮಾನ ಬಂದ ಹಿಜ್ರಾಗಳ ಹೆಸರು, ವಾಸದ ಜಾಗ ಬರೆದಿಟ್ಟುಕೊಳ್ಳಲು ಅವಕಾಶ ಕೊಟ್ಟಿದ್ದರು. ಅದನ್ನು ಪ್ರಶ್ನಿಸಿ ಸಮುದಾಯದವರು ಹೈಕೋರ್ಟಿಗೆ ಹೋಗಬೇಕಾಯಿತು. ನಾಚಿಕೆಗೂ ಭಯಕ್ಕೂ ವ್ಯತ್ಯಾಸ ಗೊತ್ತಾಗದೆ ತೆಗೆದ ಫೋಟೋಗಳನ್ನು ಏನು ಮಾಡೋದು ಅನ್ನುವ ಪ್ರಶ್ನೆ ಅವರ ತಲೆಗೆ ಮೊದಲ ಸಲ ಬಂದಿದ್ದು ಆಗ. ಬಂತು, ಆದರೆ ಮದುವೆ ಸೀಸನ್ನಿನಲ್ಲಿ ಮರೆತೂ ಹೋಯಿತು.

ಬಾಲ್ಕನಿಯ ಫೋಟೋ

ದೊಡ್ಡ ಪೆಟ್ಟು ಬಿದ್ದಿದ್ದು ಬೇರೆ ಕಡೆಯಿಂದ.

ಸಂಘಟನೆಯ ಮೂಲಕ ಇಬ್ಬರು ಹುಡುಗಿಯರ ಪರಿಚಯವಾಗಿತ್ತು. ಸಣ್ಣ ಊರಿನಿಂದ ಓಡಿಬಂದು ಬೆಂಗಳೂರಿನಲ್ಲಿ ಸಂಸಾರ ಹೂಡಿದವರು. ಮನೆ ಓನರ್‌ಗೆ ಅಕ್ಕತಂಗಿ ಅಂತ ಹೇಳಿದ್ದರು. ಒಬ್ಬಳ ಮನೆಯವರು ಊರಲ್ಲಿ ಆಗಲೇ ಕಾಣೆಯಾದ ದೂರು ಕೊಟ್ಟಿದ್ದರು. ಈ ತರದ ಪ್ರಕರಣಗಳಲ್ಲಿ ಮನೆಯವರು ಮೊದಲು ಮಾಡುವ ಕೆಲಸವೇ ಅದು. ಹುಡುಗಿ ಮೇಜರ್, ಸ್ಟೇಷನ್ನಿನಲ್ಲಿ ಹೇಳಿಕೆ ಕೊಟ್ಟು ಬಂದಿದ್ದಳು, ಆದರೂ ಹುಡುಕಾಟ ನಿಂತಿರಲಿಲ್ಲ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಹೋಯಿತು ಅಂತ ಊರೆಲ್ಲ ಸಿಹಿ ಹಂಚಿದಾಗ ಇವರಿಗೆ ಅಷ್ಟೇನೂ ಸಂಭ್ರಮ ಆಗಿರಲಿಲ್ಲವಂತೆ. ಇವರನ್ನು ಅಟ್ಟಿಸಿಕೊಂಡು ಬರುತ್ತಿದ್ದುದು ಅಪ್ಪ, ಅಣ್ಣಂದಿರು, ಸೋದರಮಾವ. ಅವರ ಮೇಲೆ ಯಾವ ತೀರ್ಪು ನಡೆಯುತ್ತೆ?

ಫೋಟೋಗ್ರಾಫರ್ ಇವರ ಮನೆಯಲ್ಲಿ ಒಂದು ಒಳ್ಳೆಯ ಫೋಟೋ ತೆಗೆದರು. ಬಾಲ್ಕನಿ, ಒಣಗಿಹಾಕಿದ ಬಟ್ಟೆ, ಒಬ್ಬಳು ಇನ್ನೊಬ್ಬಳಿಗೆ ಜಡೆ ಹಾಕುತ್ತಿದ್ದಾಳೆ. ಹಿಂದೆ ಮಸುಕಾಗಿ ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕು, ಅದರ ಮೇಲೆ ಬಣ್ಣದಲ್ಲಿ ಬರೆದ ಬಿಲ್ಡಿಂಗ್ ಹೆಸರು. ಒಪ್ಪಿಗೆ ಪತ್ರಕ್ಕೆ ಸಹಿಯೂ ಆಯಿತು. ಪತ್ರ ಇಂಗ್ಲಿಷಿನಲ್ಲಿತ್ತು, ಒಂದೇ ಪುಟ. 'ಪ್ರದರ್ಶನ, ಮುದ್ರಣ, ಆನ್‌ಲೈನ್, ವಾಣಿಜ್ಯೇತರ ಬಳಕೆ' ಅಂತೇನೋ. ಹುಡುಗಿಯರು ಪ್ರದರ್ಶನ ಅನ್ನುವುದನ್ನು ಕೇಳಿ ಚಿತ್ರಕಲಾ ಪರಿಷತ್ತಿನ ತರದ ಒಂದು ಹಾಲ್ ಕಲ್ಪಿಸಿಕೊಂಡು ಸಹಿ ಮಾಡಿದ್ದರು.

ಮುಂದಿನ ಜೂನ್‌ನಲ್ಲಿ ಒಂದು ಪತ್ರಿಕೆ ಫೋಟೋ ಕೇಳಿತು. ಯಾವುದು ಅನ್ನುವುದು ಇಲ್ಲಿ ಬೇಡ. ಫೋಟೋಗ್ರಾಫರ್ ಕಳಿಸಿದರು. ಅವರು ಕ್ರಾಪ್ ಮಾಡಿ, 'ಪ್ರೇಮಿಗಳು' ಅಂತ ಶೀರ್ಷಿಕೆ ಕೊಟ್ಟು, ತಮ್ಮ ಫೇಸ್‌ಬುಕ್ ಪುಟಕ್ಕೂ ಹಾಕಿದರು. ಅಲ್ಲಿಂದ ಯಾರದ್ದೋ ವಾಟ್ಸಾಪ್, ಅಲ್ಲಿಂದ ಊರಿನ ಗ್ರೂಪ್. ನೀರಿನ ಟ್ಯಾಂಕಿನ ಮೇಲಿನ ಹೆಸರು ಓದಿಕೊಂಡು ಹುಡುಗಿಯ ಕಡೆಯವರು ನೇರ ಬೀದಿಗೇ ಬಂದರು. ಓನರ್ ವಾರದೊಳಗೆ ಮನೆ ಖಾಲಿ ಮಾಡಿ ಅಂದರು. ಅಡ್ವಾನ್ಸ್‌ನಲ್ಲಿ ಪೇಂಟಿಂಗ್, ಅದು ಇದು ಅಂತ ಹಿಡಿದುಕೊಂಡದ್ದು ಬೇರೆ.

ಕಾಗದದ ಪ್ರಕಾರ ಯಾರದ್ದೂ ತಪ್ಪಿಲ್ಲ. ಸಹಿ ಇದೆ, ಒಪ್ಪಿಗೆ ಇದೆ, ಪತ್ರಿಕೆ ಕೇಳಿಯೇ ಹಾಕಿದೆ. ನನಗೆ ಈ ಪ್ರಕರಣದಲ್ಲಿ ತುಂಬಾ ಮುಖ್ಯ ಅನ್ನಿಸುವುದು ಇದೇ. ನಿಯಮ ಮುರಿದು ಆದ ಅನಾಹುತವಾಗಿದ್ದರೆ ಯಾರನ್ನಾದರೂ ಬೈದು ಕೈತೊಳೆದುಕೊಳ್ಳಬಹುದಿತ್ತು. ಇದು ಎಲ್ಲರೂ ಮಾಡುವ ಹಾಗೆ ಮಾಡಿದ್ದರಿಂದಲೇ ಆದದ್ದು.

ಏನೇನು ಮಾಡಿ ನೋಡಿದರು

ಮೊದಲು ಪತ್ರಿಕೆಗೆ ಫೋನ್. ಒಂದು ದಿನದಲ್ಲಿ ತೆಗೆದರು. ಅಷ್ಟೊತ್ತಿಗೆ ಫಾರ್ವರ್ಡ್ ಆಗಿ ಮುಗಿದಿತ್ತು.

ಆಮೇಲೆ ಹುಡುಗಿಯರಿಗೆ ಮನೆ ಬದಲಾಯಿಸುವ ಖರ್ಚು ಕೊಡುತ್ತೇನೆ ಅಂದರು. ಅವರು ದುಡ್ಡು ಮುಟ್ಟಲಿಲ್ಲ. ಅಕ್ಕನ ಕೈಲಿ ಹೇಳಿಕಳಿಸಿದ್ದು ಒಂದೇ: ನಮ್ಮ ಫೋಟೋ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅಳಿಸಬೇಕು, ನಮ್ಮ ಎದುರಿಗೇ.

ಸಂಘಟನೆಯ ಆಫೀಸಿನಲ್ಲಿ ಅದು ನಡೆಯಿತು. ಅಕ್ಕ ಇದ್ದರು, ಫೋಟೋಗ್ರಾಫರ್‌ನ ಜೊತೆ ನಾನೂ ಹೋಗಿದ್ದೆ. ಹತ್ತು ನಿಮಿಷದ ಕೆಲಸ ಅಂತ ಲ್ಯಾಪ್‌ಟಾಪ್ ತೆಗೆದರು. ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್, ಅಳಿಸಿದರು. ಲೈಟ್‌ರೂಂ ಅನ್ನುವ ಫೋಟೋ ಸಾಫ್ಟ್‌ವೇರಿನಲ್ಲಿ ಪ್ರಿವ್ಯೂ ಉಳಿದಿತ್ತು, ಅದು ಹೋಯಿತು. ಹಾರ್ಡ್‌ಡಿಸ್ಕ್. ಆ ಹಾರ್ಡ್‌ಡಿಸ್ಕಿನ ಬ್ಯಾಕಪ್ ಇನ್ನೊಂದು ಹಾರ್ಡ್‌ಡಿಸ್ಕ್, ಅದು ಮನೆಯಲ್ಲಿ, ಹೋಗಿ ತಂದರು. ಗೂಗಲ್ ಡ್ರೈವ್, ಅದರ ಟ್ರ್ಯಾಶ್. ಪತ್ರಿಕೆಗೆ ಕಳಿಸಿದ ಮೇಲ್. ಒಂದು ಸ್ಪರ್ಧೆಗೆ ಹಾಕಿದ ಅರ್ಜಿ. ನಮ್ಮ ಗುಂಪಿಗೆ ತಂದಿದ್ದ ಪ್ರಿಂಟ್, ಅದು ನನ್ನ ಮನೆಯಲ್ಲೇ ಇತ್ತು. ಹೆಂಡತಿಗೆ 'ನೋಡು ಎಷ್ಟು ಚೆನ್ನಾಗಿ ಬಂದಿದೆ' ಅಂತ ಕಳಿಸಿದ್ದ ವಾಟ್ಸಾಪ್. ಹುಡುಗಿಯರಲ್ಲಿ ಚಿಕ್ಕವಳು ಒಂದು ನೋಟ್‌ಬುಕ್ಕಿನಲ್ಲಿ ಒಂದೊಂದನ್ನೇ ಬರೆದುಕೊಂಡು ಟಿಕ್ ಹಾಕುತ್ತಾ ಕೂತಿದ್ದಳು. ಒಂದು ಕ್ಷಣಕ್ಕೂ ಗಲಾಟೆ ಮಾಡಲಿಲ್ಲ. ಮಧ್ಯದಲ್ಲಿ ಒಂದು ಸಲ ಮಾತ್ರ, 'ಸರ್, ನಮಗೆ ಒಂದು ಕಾಪಿನೂ ಕೊಟ್ಟಿರ್ಲಿಲ್ಲ ಅಲ್ವಾ ನೀವು' ಅಂದಳು.

ನಿಜ. ಇಷ್ಟೊಂದು ಕಡೆ ಇದ್ದ ಫೋಟೋ ಅವರ ಹತ್ತಿರ ಮಾತ್ರ ಇರಲಿಲ್ಲ.

ಮದುವೆ ಮನೆಯಲ್ಲಿ ಹೀಗೆ ನಡೆಯುತ್ತದಾ? ಅಲ್ಲಿ ಫೋಟೋಗ್ರಾಫರ್ ಎಲ್ಲ ಫೋಟೋ ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತಾರೆ, ಮನೆಯವರು ಕೂತು ಆಲ್ಬಮ್ ಸೆಲೆಕ್ಷನ್ ಮಾಡುತ್ತಾರೆ, ಅತ್ತೆಗೆ ಬೇಡವಾದ ಫೋಟೋ ಹೋಗುತ್ತದೆ, ಇನ್‌ಸ್ಟಾಗ್ರಾಂಗೆ ಹಾಕುವ ಮುಂಚೆ 'ಹಾಕಬಹುದಾ ಮೇಡಂ' ಅಂತ ಕೇಳುತ್ತಾರೆ. ದುಡ್ಡು ಕೊಟ್ಟವರಿಗೆ ಇಷ್ಟೂ ಮರ್ಯಾದೆ. ಡಾಕ್ಯುಮೆಂಟರಿಯಲ್ಲಿ ದುಡ್ಡು ಕೊಡುವವರು ಯಾರೂ ಇಲ್ಲ, ಹಾಗಾಗಿ ಫೋಟೋದಲ್ಲಿ ಇರುವವರು ಗಿರಾಕಿ ಅಲ್ಲ, ಸರಕು. ಆಫೀಸಿನಿಂದ ವಾಪಸ್ ಬರುವಾಗ ಇದನ್ನು ನಾನು ಹೇಳಿದ್ದಲ್ಲ, ಫೋಟೋಗ್ರಾಫರೇ ಹೇಳಿದ್ದು.

ಅದಾದ ಮೇಲೆ ಅವರು ಇನ್ನೊಂದು ತುದಿಗೆ ಹೋದರು. ಯಾರ ಮುಖವೂ ಬೇಡ. ಎಲ್ಲರನ್ನೂ ನೆರಳು ಮಾಡಿ, ಬೆನ್ನು ಮಾಡಿ, ಬರೀ ಕೈ, ಬರೀ ಪಾದ ತೆಗೆಯಲು ಶುರು ಮಾಡಿದರು. ಸುರಕ್ಷಿತ, ನಿಜ. ಆ ಫೋಟೋಗಳನ್ನು ನೋಡಿದ ಟ್ರಾನ್ಸ್ ಮಹಿಳೆಯೊಬ್ಬರು ಕಿಡಿಕಿಡಿಯಾದರು. 'ನಾನೇನು ಕಳ್ಳಿಯಾ? ಹಗಲು ಹೊತ್ತು ಸೀರೆ ಉಟ್ಟು ಬಸ್ ಹತ್ತೋದಕ್ಕೆ ಎಷ್ಟು ವರ್ಷ ಬಡಿದಾಡಿದ್ದೀನಿ ಗೊತ್ತಾ? ನೀವು ಬಂದು ಮತ್ತೆ ಕತ್ತಲೆಗೆ ಕೂರಿಸ್ತೀರಾ?'

ಮುಖ ಮರೆಸುವುದೇ ಕೆಟ್ಟದ್ದು ಅಂತಲ್ಲ. 1980ರ ದಶಕದಲ್ಲಿ ಸುನಿಲ್ ಗುಪ್ತಾ ದೆಹಲಿಯ ಸ್ಮಾರಕಗಳ ಮುಂದೆ ಸಲಿಂಗಿ ಪುರುಷರ ಫೋಟೋ ತೆಗೆದಾಗ ಹಲವರ ಮುಖ ಕಾಣುವುದಿಲ್ಲ. ಆ ಕಾಲಕ್ಕೆ ಅದು ಬೇಕಿತ್ತು. ಫೋಟೋಗ್ರಾಫರ್ ಮಾಡುತ್ತಿದ್ದುದು ಬೇರೆ. ತನಗೆ ಭಯ ಆಗಿದೆ ಅಂತ ಎಲ್ಲರ ಮುಖಕ್ಕೂ ಒಂದೇ ಮುಸುಕು ಹಾಕುವುದು. ಯಾರನ್ನೂ ಕೇಳದೆ ತೋರಿಸಿದ ಹಾಗೇ, ಯಾರನ್ನೂ ಕೇಳದೆ ಮುಚ್ಚುವುದು ಕೂಡ.

ನಂತರ 2020ರ ಮಾರ್ಚ್, ಲಾಕ್‌ಡೌನ್. ಅಂಗಡಿ ಮುಚ್ಚಿದ್ದರಿಂದ ಅಂಗಡಿ ವಸೂಲಿ ಇಲ್ಲ, ಸಿಗ್ನಲ್ ಇಲ್ಲ, ಸೆಕ್ಸ್ ವರ್ಕ್ ಇಲ್ಲ, ಮದುವೆ ಫೋಟೋ ಅಂತೂ ಇಲ್ಲವೇ ಇಲ್ಲ. ಸಂಘಟನೆಯವರು ರೇಷನ್ ಕಿಟ್ ಹಂಚುತ್ತಿದ್ದರು. ಫೋಟೋಗ್ರಾಫರ್‌ಗೆ ಪಾಸ್ ಇತ್ತು, ಗಾಡಿ ಇತ್ತು, ಅಕ್ಕಿ ಮೂಟೆ ಹೊರಲು ಹೋದರು. ದಾನಿಗಳು 'ಕಿಟ್ ತಗೊಳ್ಳೋರ ಫೋಟೋ ಕಳಿಸಿ, ಪ್ರೂಫ್ ಬೇಕು' ಅಂದಾಗ ಸಂಘಟನೆಯವರು ಇವರ ಮುಖ ನೋಡಿದರು. ಇವರು ಮೂಟೆಗಳ ಫೋಟೋ, ಬಿಲ್ಲಿನ ಫೋಟೋ, ಸಹಿ ಪುಸ್ತಕದಲ್ಲಿ ಹೆಸರು ಮುಚ್ಚಿ ಎಷ್ಟು ಜನಕ್ಕೆ ಕೊಟ್ಟರು ಅನ್ನುವ ಲೆಕ್ಕದ ಫೋಟೋ ತೆಗೆದು ಕಳಿಸಿದರು. ಒಬ್ಬ ದಾನಿ ಸಿಟ್ಟಾಗಿ ನಿಲ್ಲಿಸಿದರು. ಉಳಿದವರಿಗೆ ಅಷ್ಟೇ ಸಾಕಾಯಿತು.

ಪಾಸ್‌ಪೋರ್ಟ್ ಸೈಜ್

ನಿಜವಾದ ತಿರುವು ಬಂದದ್ದು ಕಲೆಯ ಕಡೆಯಿಂದಲ್ಲ, ಅರ್ಜಿ ಫಾರಂ ಕಡೆಯಿಂದ.

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ, ಕಾರ್ಡು ಪಡೆಯಬೇಕು. 2014ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಾಲ್ಸಾ ತೀರ್ಪು 'ನಾನು ಯಾರು ಅಂತ ನಾನೇ ಹೇಳಬಹುದು' ಅಂದಿತ್ತು, ಕಾಯ್ದೆ ಅದಕ್ಕೆ ಅರ್ಜಿ ಜೋಡಿಸಿತು ಅಂತ ಸಮುದಾಯದಲ್ಲಿ ಬಹಳ ಸಿಟ್ಟಿತ್ತು, ಈಗಲೂ ಇದೆ. ಆದರೆ ಕಾರ್ಡು ಬೇಕಲ್ಲ. 2020ರ ನವೆಂಬರ್‌ನಲ್ಲಿ ಅರ್ಜಿಗೆ ಆನ್‌ಲೈನ್ ಪೋರ್ಟಲ್ ಬಂತು. ಅರ್ಜಿಗೆ ಫೋಟೋ ಬೇಕು. ಸ್ಟುಡಿಯೋಗೆ ಹೋದರೆ ಅಂಗಡಿಯವರು ಮೇಲಿಂದ ಕೆಳಗೆ ನೋಡುತ್ತಾರೆ. 'ನೀವೇ ತೆಗೆದುಕೊಡಿ' ಅಂದರು ಅಕ್ಕ. ಫೋಟೋಗ್ರಾಫರ್ ಆಫೀಸಿನ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಮದುವೆಗೆ ಒಯ್ಯುವ ಎರಡು ಲೈಟು, ಒಂದು ಛತ್ರಿ ತಂದು ಇಟ್ಟರು.

ಇಲ್ಲಿ ಆ ಅನ್ನದ ಕೆಲಸ ಕೈ ಹಿಡಿಯಿತು. ಟ್ರಾನ್ಸ್ ಮಹಿಳೆಯರಿಗೆ ಮುಂದಿನಿಂದ ಮೆತ್ತನೆಯ ಬೆಳಕು, ಗಲ್ಲದ ಕೆಳಗೆ ಬಿಳಿ ಥರ್ಮಾಕೋಲ್ ಹಿಡಿದರೆ ಶೇವ್ ಮಾಡಿದ ಹಸಿರು ಕಾಣುವುದಿಲ್ಲ. ಪುರುಷರಾಗಿ ಬದುಕುವ ಟ್ರಾನ್ಸ್‌ ಮ್ಯಾನ್‌ಗಳಿಗೆ ಲೈಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ದವಡೆ ಗೆರೆ ಎದ್ದು ಕಾಣುತ್ತದೆ, ಕಾಲರ್ ಇಸ್ತ್ರಿ ಮಾಡಿರಬೇಕು, ಭುಜ ಹಿಂದಕ್ಕೆ. ಫೋಟೋಶಾಪ್ ಏನೂ ಇಲ್ಲ, ಬರೀ ಬೆಳಕು. ಒಬ್ಬರು ಟ್ರಾನ್ಸ್ ಮ್ಯಾನ್ ಸ್ಕ್ರೀನ್ ನೋಡಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಇದು ನಮ್ಮ ಚಿಕ್ಕಪ್ಪನ ತರ ಇದೆ' ಅಂತ ಜೋರಾಗಿ ನಕ್ಕರು.

ಇವರಿಂದ ಫೋಟೋಗ್ರಾಫರ್ ಕಲಿತ ಪಾಠವೇ ಬೇರೆ. ಅವರ ಅಂಗಡಿ ಇದೆ, ಅಂಗಡಿ ಬೀದಿಯಲ್ಲಿ ಯಾರಿಗೂ ಅವರು ಹುಟ್ಟಿದಾಗ ಹುಡುಗಿ ಅಂತ ಬರೆಸಿದ್ದು ಗೊತ್ತಿಲ್ಲ. ಗೊತ್ತಾಗುವುದು ಬೇಕಾಗಿಯೂ ಇಲ್ಲ. ಹೊರಗೆ ಬಂದು ಹೇಳಿಕೊಂಡರೇ ಬಿಡುಗಡೆ ಅಂತ ಫೋಟೋಗ್ರಾಫರ್ ತಿಳಿದಿದ್ದರು, ಎಲ್ಲ ಲೇಖನಗಳೂ ಹಾಗೇ ಬರೆಯುತ್ತವೆ. ಈ ಅಣ್ಣನಿಗೆ ಬಿಡುಗಡೆ ಅಂದರೆ ಯಾರೂ ತಿರುಗಿ ನೋಡದೆ ಇರುವುದು. ಅವರ ಫೋಟೋ ಈ ಸರಣಿಯಲ್ಲಿ ಎಲ್ಲೂ ಇಲ್ಲ. ಅವರಿಗೆ ಬೇಕಾಗಿದ್ದ ಫೋಟೋ ಅವರ ಕಾರ್ಡಿನ ಮೇಲಿದೆ, ಅಷ್ಟೇ.

ಪಾಸ್‌ಪೋರ್ಟ್ ಫೋಟೋ ನೋಡಿದವರು 'ಇದನ್ನೇ ದೊಡ್ಡದು ಮಾಡಿಕೊಡ್ತೀರಾ' ಅನ್ನತೊಡಗಿದರು. ಹಾಗೆ ಶುರುವಾದದ್ದು ಮುಂದಿನ ಕೆಲಸ. ಬಣ್ಣದಲ್ಲಿ, ಲೈಟ್ ಹಾಕಿ, ಅವರು ಹೇಳಿದ ಬಟ್ಟೆಯಲ್ಲಿ. ಹಮಾಮಿನ ಅಮ್ಮ ಮೈಸೂರು ಸಿಲ್ಕ್ ಉಟ್ಟು ಜುಮುಕಿ ಹಾಕಿ ಕೂತರು. ಗ್ರೂಪ್ ಫೋಟೋಗೆ ಫೋಟೋಗ್ರಾಫರ್ ಅಭ್ಯಾಸಬಲದಿಂದ ಎತ್ತರ ನೋಡಿ ನಿಲ್ಲಿಸಿದರು, ಒಂದು ನಿಮಿಷದಲ್ಲಿ ಅಮ್ಮ ಎಲ್ಲವನ್ನೂ ಅಳಿಸಿ ಮತ್ತೆ ಜೋಡಿಸಿದರು. ದೊಡ್ಡ ಚೇಲಾ, ಅಂದರೆ ಹಿರಿಯ ಶಿಷ್ಯೆ, ಬಲಕ್ಕೆ, ಆಮೇಲೆ ಬಂದವರು ಆಮೇಲೆ, ಚೇಲಾಗಳ ಚೇಲಾಗಳು ಹಿಂದೆ. ಯಾರು ಎಲ್ಲಿ ನಿಲ್ಲಬೇಕು ಅನ್ನುವ ಆ ವಾದ ನೋಡಿದಾಗಲೇ ಇದು ಒಂದು ಮನೆತನ, ಇಲ್ಲಿ ಹಿರಿತನ ಕಿರಿತನ ಮುನಿಸು ಎಲ್ಲ ಇದೆ ಅನ್ನುವುದು ಅವರಿಗೆ ಹೊಳೆದದ್ದಂತೆ. ಕನ್ನಡಿ ಮುಂದಿನ ಲಿಪ್‌ಸ್ಟಿಕ್ ಫೋಟೋದಲ್ಲಿ ಇದರ ಸುಳಿವೇ ಇರಲಿಲ್ಲ.

ನಂತರ ಆಲ್ಬಮ್ ಸೆಲೆಕ್ಷನ್, ಮದುವೆಯವರ ಹಾಗೇ. ನಂಬರ್ ಹಾಕಿದ ಫೋಟೋ ಲ್ಯಾಪ್‌ಟಾಪಿನಲ್ಲಿ ತೋರಿಸುವುದು, ಅವರು ಆರಿಸುವುದು. ಫೋಟೋಗ್ರಾಫರ್‌ಗೆ ಇಷ್ಟವಾದದ್ದನ್ನು ಅವರು ತೆಗೆದುಹಾಕಿದ ಉದಾಹರಣೆ ಎಷ್ಟೋ ಇವೆ.

ಕೆಲಸ ಹರಡುತ್ತಾ ಹೋಯಿತು. ನಿವೃತ್ತರೊಬ್ಬರು, ಹೆಂಡತಿ ಮೊಮ್ಮಕ್ಕಳು ಇರುವವರು, ತಮ್ಮ ಬಹಳ ವರ್ಷಗಳ ಗೆಳೆಯನ ಜೊತೆ ಒಂದು ಫೋಟೋ ಬೇಕು ಅಂದರು. ಹಳೇ ಕಾಲದ ಸ್ಟುಡಿಯೋ ಫೋಟೋ ತರ, ಇಬ್ಬರೂ ಕೋಟು ಹಾಕಿಕೊಂಡು ಕುರ್ಚಿಯಲ್ಲಿ. ಆ ಫೋಟೋ ಅವರ ಮನೆಯ ಹಾಲಿನಲ್ಲೇ ನೇತುಹಾಕಿದೆ. ಬಂದವರಿಗೆ ಅದು ಸ್ನೇಹಿತರ ಫೋಟೋ. ಮುಖ ಪೂರ್ತಿ ಕಾಣುತ್ತದೆ, ಏನೂ ಗೊತ್ತಾಗುವುದಿಲ್ಲ. ಪ್ರದರ್ಶನಕ್ಕೆ ಹಾಕುವ ಹಾಗಿಲ್ಲ, ಹಾಕಿದರೆ ಅದು ಸ್ನೇಹಿತರ ಫೋಟೋ ಆಗಿ ಉಳಿಯುವುದಿಲ್ಲವಲ್ಲ.

ಫೋಟೋಗ್ರಾಫರ್ ಸವದತ್ತಿಗೂ ಹೋಗಿದ್ದರು. 2021ರ ನವೆಂಬರ್‌ನಲ್ಲಿ ಮಂಜಮ್ಮ ಜೋಗತಿಯವರು ರಾಷ್ಟ್ರಪತಿಗಳಿಗೆ ಸೆರಗಿನಿಂದ ನಿವಾಳಿಸಿ ಪದ್ಮಶ್ರೀ ತೆಗೆದುಕೊಂಡ ವಿಡಿಯೋ ಎಲ್ಲ ಕಡೆ ಓಡಾಡಿದ ಮೇಲೆ ಎಡಿಟರ್‌ಗಳಿಗೆಲ್ಲ ಜೋಗಪ್ಪಂದಿರ, ಅಂದರೆ ಎಲ್ಲಮ್ಮನ ಸೇವೆಗೆ ನಿಂತು ಹೆಣ್ಣಿನ ಉಡುಪಿನಲ್ಲಿ ಬದುಕುವವರ, ಫೋಟೋ ಬೇಕಾಗಿತ್ತು. ಭಾರತ ಹುಣ್ಣಿಮೆ ಜಾತ್ರೆಯಲ್ಲಿ, ಭಂಡಾರ ಹಚ್ಚಿಕೊಂಡು ಚೌಡಿಕೆ ಹಿಡಿದಿದ್ದ ಹಿರಿಯ ಜೋಗಪ್ಪನೊಬ್ಬರಿಗೆ ಇವರು ಬೆಂಗಳೂರಿನ ಹಮಾಮಿನ ವಿಷಯ ಹೇಳಿದರೆ, 'ಅವ್ರ ದಾರಿ ಅವ್ರದ್ದು ಯಪ್ಪಾ, ನಾವು ಎಲ್ಲವ್ವಗ ಮುತ್ತು ಕಟ್ಟಿಸಿಕೊಂಡಾವ್ರು' ಅಂದರಂತೆ. ಇವರ ಕ್ಯಾಪ್ಷನ್‌ನಲ್ಲಿ ಆವರೆಗೆ ಇಬ್ಬರಿಗೂ ಒಂದೇ ಪದ ಇತ್ತು. ಬದಲಾಯಿಸಿದರು. ಅಲ್ಲಿ ತೆಗೆದ ಫೋಟೋಗಳನ್ನು ಈ ಸರಣಿಗೆ ಸೇರಿಸದೆ ಪಕ್ಕಕ್ಕಿಟ್ಟರು, ನನ್ನ ಪ್ರಕಾರ ಒಳ್ಳೆಯ ನಿರ್ಧಾರ. ಒಂದು ಜಾತ್ರೆಯಲ್ಲಿ ಓಡಾಡಿದರೆ ಆ ಬದುಕು ತಿಳಿಯುವುದಿಲ್ಲ.

ಫಾರಂ, ಪ್ರದರ್ಶನ, ಜಗಳ

ಒಪ್ಪಿಗೆ ಪತ್ರ ಈಗ ಕನ್ನಡದಲ್ಲಿದೆ. ಸಂಘಟನೆಯವರೇ ಕೂತು ಬರೆದದ್ದು. ಫೋಟೋಗ್ರಾಫರ್ ಓದಿ ಹೇಳುತ್ತಾರೆ, ಉತ್ತರವನ್ನು ಮೂರನೆಯವರು ಬರೆದುಕೊಳ್ಳುತ್ತಾರೆ, ಯಾಕೆಂದರೆ ಫೋಟೋಗ್ರಾಫರ್ ಮುಖ ನೋಡಿ ಇಲ್ಲ ಅನ್ನುವುದು ಕಷ್ಟ. ಪ್ರಶ್ನೆಗಳು ಹೀಗಿವೆ. ಮನೆಯ ಗೋಡೆಗೆ ಮಾತ್ರವಾ? ಬೆಂಗಳೂರಿನ ಹಾಲಿನಲ್ಲಿ ತೋರಿಸಬಹುದಾ? ನಿಮ್ಮ ಊರಿನ ಕಡೆ? ಪೇಪರ್? ಫೋನಿನಲ್ಲಿ ನಿಮ್ಮ ಅಣ್ಣ ನೋಡಿದರೆ ಏನಾಗುತ್ತದೆ? ಮನೆ ಓನರ್ ನೋಡಿದರೆ? ಹೆಸರು ಯಾವುದು ಬರೆಯಬೇಕು? ಹಿಂದೆ ಕಾಣುವ ಬೋರ್ಡು, ಗಾಡಿ ನಂಬರ್, ಕೈಮೇಲಿನ ಹಚ್ಚೆ ಇರಬಹುದಾ? ನೀವು ತೀರಿಕೊಂಡ ಮೇಲೆ ಯಾರನ್ನು ಕೇಳಬೇಕು? ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು, ಕಾರಣ ಹೇಳಬೇಕಿಲ್ಲ. ಆನ್‌ಲೈನ್ ಹೋದದ್ದನ್ನು ಮಾತ್ರ ಪೂರ್ತಿ ವಾಪಸ್ ತರಲಿಕ್ಕೆ ಆಗುವುದಿಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ.

ತೀರಿಕೊಂಡ ಮೇಲೆ 'ಯಾರನ್ನು' ಅನ್ನುವ ಪ್ರಶ್ನೆಗೆ ಹಮಾಮಿನ ಅಮ್ಮ ದೊಡ್ಡ ಚೇಲಾ ಹೆಸರು ಬರೆಸಿದ್ದರು. ಪ್ರಶ್ನೆ ಕೇಳುವಾಗ ಇದು ಅತಿಯಾಯಿತೇನೋ ಅಂತ ಎಲ್ಲರಿಗೂ ಅನ್ನಿಸಿತ್ತು. ಅಮ್ಮ ಹೋದಾಗ ಎಷ್ಟೋ ವರ್ಷ ತಿರುಗಿ ನೋಡದಿದ್ದ ಹುಟ್ಟಿದ ಮನೆಯವರು ಬಂದು, ಫೋಟೋಗಳನ್ನು ಯಾರೂ ಎಲ್ಲೂ ಹಾಕಬಾರದು ಅಂದರು. ಫಾರಂ ಇತ್ತು. ಮೈಸೂರು ಸಿಲ್ಕಿನ ಫೋಟೋ ಶ್ರದ್ಧಾಂಜಲಿ ಬ್ಯಾನರ್‌ಗೆ ಹೋಯಿತು, ಪ್ರದರ್ಶನಕ್ಕೂ ಹೋಯಿತು. ಕೋರ್ಟಿನಲ್ಲಿ ಆ ಕಾಗದ ನಿಲ್ಲುತ್ತಿತ್ತಾ ಅನ್ನುವುದು ಬೇರೆ ಮಾತು, ಅಲ್ಲಿಯವರೆಗೆ ಹೋಗಲಿಲ್ಲ.

ಪ್ರದರ್ಶನ ಮೊದಲು ನಡೆದದ್ದು ಸಂಘಟನೆಯ ಆಫೀಸಿನಲ್ಲೇ, ಹೊರಗಿನವರಿಗೆ ಪ್ರವೇಶವಿಲ್ಲದೆ. ಆಮೇಲೆ ಹೊರಗೆ. ಹೊರಗಿನದ್ದಕ್ಕೆ ಇನ್ನೇನು ಬಾಗಿಲು ತೆರೆಯಬೇಕು ಅನ್ನುವಾಗ ಒಬ್ಬರು ತಮ್ಮ ಫೋಟೋ ಬೇಡ ಅಂದರು. ಅವರಿಗೆ ಸರ್ಕಾರಿ ಕೆಲಸದ ಆಸೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇ 1ರ ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ತಂದಿದೆ, ಆದರೆ ಅವರು ಸಾಮಾನ್ಯ ಪಟ್ಟಿಯಲ್ಲೇ ಪರೀಕ್ಷೆ ಬರೆಯುವ ಯೋಚನೆಯಲ್ಲಿದ್ದರು, ಯಾರಿಗೂ ಗೊತ್ತಾಗುವುದು ಬೇಡವಾಗಿತ್ತು. ಫೋಟೋಗ್ರಾಫರ್ ಆ ಜಾಗದಲ್ಲಿ ಖಾಲಿ ಫ್ರೇಮ್ ಹಾಕೋಣ, ಅದೂ ಒಂದು ಹೇಳಿಕೆ ಆಗುತ್ತದೆ ಅಂದರು. ಅವರು, 'ಖಾಲಿ ಫ್ರೇಮ್ ಹಾಕಿ ಇಲ್ಲೊಬ್ಬಳಿದ್ದಳು ಅಂತ ಡಂಗುರ ಹೊಡಿಬೇಡಿ ಸರ್. ಮೊಳೆ ಕಿತ್ತು ಪಕ್ಕದ ಫೋಟೋ ಸರಿಸಿ' ಅಂದರು. ಸರಿಸಿದರು.

ಈಗ ಸಂಘಟನೆಯಲ್ಲಿ ಕೆಲವರು ಕ್ಯಾಮೆರಾ ಕಲಿಯುತ್ತಿದ್ದಾರೆ. ಸಮುದಾಯದವರು ಸಮುದಾಯದ ಫೋಟೋವನ್ನೇ ತೆಗೆಯಬೇಕು ಅಂತೇನೂ ಇಲ್ಲ. ಮುಂಬೈನ ಟ್ರಾನ್ಸ್ ಮಹಿಳೆ ಜೋಯಾ ಥಾಮಸ್ ಲೋಬೋ, ಲೋಕಲ್ ಟ್ರೇನಿನಲ್ಲಿ ಬೇಡುತ್ತಿದ್ದವರು, ಪತ್ರಿಕಾ ಛಾಯಾಗ್ರಾಹಕಿಯಾಗಿ ಹೆಸರು ಮಾಡಿದ್ದು 2020ರ ಲಾಕ್‌ಡೌನಿನಲ್ಲಿ ಬಾಂದ್ರಾ ಸ್ಟೇಷನ್ ಹತ್ತಿರ ಸೇರಿದ ವಲಸೆ ಕಾರ್ಮಿಕರ ಫೋಟೋಗಳಿಂದ. ಇಲ್ಲಿ ಕಲಿಯುತ್ತಿರುವ ಒಬ್ಬರಿಗೆ ಬೇಕಾಗಿರುವುದು ಮದುವೆ ಫೋಟೋ ಕೆಲಸ. ಫೋಟೋಗ್ರಾಫರ್‌ನ ಟೀಮಿನಲ್ಲಿ ಎರಡನೇ ಕ್ಯಾಮೆರಾ ಹಿಡಿಯುತ್ತಿದ್ದಾರೆ. ಕೆಲವು ಛತ್ರಗಳಲ್ಲಿ ಗಂಡಿನ ಕಡೆಯವರು ಗೊಣಗಿದ್ದಾರೆ, ಒಂದು ಬುಕಿಂಗ್ ಹೋಗಿದೆ.

ಬಗೆಹರಿಯದೆ ಉಳಿದಿರುವುದು ದುಡ್ಡಿನ ವಿಷಯ. ಪ್ರಿಂಟ್ ಮಾರಾಟವಾದರೆ ಅರ್ಧ ಫೋಟೋದಲ್ಲಿ ಇರುವವರಿಗೆ ಅಂತ ಫೋಟೋಗ್ರಾಫರ್ ಮಾಡಿಕೊಂಡಿದ್ದಾರೆ. ಡಾಕ್ಯುಮೆಂಟರಿಯಲ್ಲಿ ದುಡ್ಡು ಕೊಟ್ಟರೆ ಜನ ದುಡ್ಡಿಗಾಗಿ ಒಪ್ಪುತ್ತಾರೆ, ಒಪ್ಪಿಗೆಗೇ ಬೆಲೆ ಇರುವುದಿಲ್ಲ ಅಂತ ನಮ್ಮ ಗುಂಪಿನಲ್ಲಿ ಇಬ್ಬರು ಇನ್ನೂ ವಾದ ಮಾಡುತ್ತಾರೆ. ಅಕ್ಕ ಕೇಳುವುದು ಅದರ ಉಲ್ಟಾ. ಸರಣಿಯಿಂದ ಫೋಟೋಗ್ರಾಫರ್‌ಗೆ ಹೆಸರು ಬಂತು, ಹೆಸರಿನಿಂದ ಮದುವೆ ರೇಟು ಏರಿತು, ಆ ಏರಿದ ರೇಟಿನಲ್ಲಿ ನಮ್ಮ ಪಾಲು ಎಷ್ಟು? ಫೋಟೋಗ್ರಾಫರ್ ಹತ್ತಿರ ಇದಕ್ಕೆ ಉತ್ತರ ಇಲ್ಲ. ನಮ್ಮ ಹತ್ತಿರವೂ ಇಲ್ಲ. ಪ್ರತಿ ಸಲ ಒಂದು ಪ್ರಿಂಟ್ ಹೋದಾಗ ಈ ಜಗಳ ಮತ್ತೆ ಶುರುವಾಗುತ್ತದೆ.